.ಗಿಟ್‌ಇಗ್ನೋರ್ ಬರೆದ್ರೂ ಗಿಟ್ ಕೇಳ್ತಾ ಇಲ್ವಾ? ಬನ್ನಿ, ಶುರುವಿಂದ ನೋಡೋಣ

ಗಿಟ್ ಅಂದ್ರೆ ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಟೂಲು, ಯಾವ ಫೈಲನ್ನ ಅದು ಲೆಕ್ಕಕ್ಕೆ ತಗೋಬಾರದು ಅಂತ ಹೇಳೋ ಪಟ್ಟಿ .ಗಿಟ್‌ಇಗ್ನೋರ್. ಗಿಟ್ ಸ್ಟೇಟಸ್ ಹೊಡೀತೀರಿ, ಪರದೆ ತುಂಬಾ ಕೆಂಪು ಅಕ್ಷರ. ನೀವು ನಿಜವಾಗ್ಲೂ ಮುಟ್ಟಿದ್ದು ಎರಡೇ ಫೈಲು, ಉಳಿದಿದ್ದೆಲ್ಲಾ ಲಾಗು, ಕ್ಯಾಶು, ಬಿಲ್ಡ್ ಮಾಡಿದಾಗ ಹುಟ್ಕೊಂಡಿದ್ದು, ಎಡಿಟರ್ ತನ್ನಷ್ಟಕ್ಕೆ ತಾನೇ ಬರ್ಕೊಂಡಿದ್ದು. ಆ ಗಲಾಟೆ ಮಧ್ಯೆ ಬೇಜಾರಾಗಿ ಗಿಟ್ ಆಡ್ ಡಾಟ್ (ಎಲ್ಲಾ ಸೇರಿಸು) ಅಂತ ಹೊಡೆದು ಕಮಿಟ್ ಮಾಡ್ಬಿಡ್ತೀರಿ, ಅಂದ್ರೆ ಗಿಟ್ಟಿನ ದಾಖಲೆಗೆ ಸೇರಿಸ್ಬಿಡ್ತೀರಿ ನೋಡಿ, ಮುಂದಿನ ತಲೆನೋವೆಲ್ಲಾ ಹುಟ್ಟೋದು ಅಲ್ಲೇ.

ಮೊದಲೇ ಒಂದು ಮಾತು. ಇಲ್ಲಿ ಕಮಾಂಡು, ಫೈಲ್ ಹೆಸರು ಎಲ್ಲಾ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ, ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು ಅಂತ ಬೇರೆ ಹೇಳ್ಬೇಕಿಲ್ಲ. ಚುಕ್ಕೆ, ಸ್ಲ್ಯಾಶ್, ನಕ್ಷತ್ರ, ಆಶ್ಚರ್ಯಸೂಚಕ ಮಾತ್ರ ಇಲ್ಲಿ ಹೇಗಿದ್ಯೋ ಹಾಗೇ, ಯಾಕಂದ್ರೆ ಇಡೀ ಆಟ ಇರೋದೇ ಅವುಗಳಲ್ಲಿ.

ಗಿಟ್ ಕಣ್ಣಿಗೆ ಫೈಲ್‌ಗಳಲ್ಲಿ ಮೂರು ಜಾತಿ. ಟ್ರ್ಯಾಕ್ ಆಗಿರೋದು, ಅಂದ್ರೆ ಆಡ್ ಮಾಡಿ ಆಗ್ಲೇ ಗಿಟ್ಟಿನ ಲೆಕ್ಕಕ್ಕೆ ಸೇರಿರೋದು. ಅನ್‌ಟ್ರ್ಯಾಕ್ಡ್, ಅಂದ್ರೆ ಫೋಲ್ಡರ್‌ನಲ್ಲಿ ಇದೆ ಆದ್ರೆ ಗಿಟ್‌ಗೆ ಇನ್ನೂ ಪರಿಚಯ ಆಗಿಲ್ಲ. ಮೂರನೇದು ಇಗ್ನೋರ್ಡ್. ಈ .ಗಿಟ್‌ಇಗ್ನೋರ್ ಅನ್ನೋ ಫೈಲು ಎರಡನೇ ಜಾತಿಯವನ್ನ ಮೂರನೇದಕ್ಕೆ ತಳ್ಳತ್ತೆ ಅಷ್ಟೇ, ಮೊದಲನೇ ಜಾತಿ ತಂಟೆಗೆ ಅದು ಹೋಗೋದೇ ಇಲ್ಲ. ಒಂದು ಸಲ ಕಮಿಟ್ ಆದ ಫೈಲಿನ ಹೆಸರನ್ನ ಇಗ್ನೋರ್‌ನಲ್ಲಿ ಹತ್ತು ಸಲ ಬರೆದ್ರೂ ಗಿಟ್ ಅದನ್ನ ಗಮನಿಸ್ತಾನೇ ಇರತ್ತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ. "ಇಗ್ನೋರ್ ಕೆಲಸ ಮಾಡ್ತಿಲ್ಲ" ಅಂತ ನನ್ನ ಹತ್ರ ಬಂದವರಲ್ಲಿ ಮುಕ್ಕಾಲು ಪಾಲು ಇದೇ ಕೇಸು.

ಹಾಗಾಗಿ ಪ್ರಾಜೆಕ್ಟ್ ಶುರು ಮಾಡಿ ಗಿಟ್ ಇನಿಟ್ ಹೊಡೆದ ತಕ್ಷಣ, ಮೊದಲ ಕಮಿಟ್‌ಗೂ ಮುಂಚೆ, ಈ ಫೈಲ್ ಬರೆದುಬಿಡಿ.

ಫೈಲ್ ಮಾಡೋದು

ಪ್ರಾಜೆಕ್ಟಿನ ಮೇಲಿನ ಫೋಲ್ಡರ್‌ನಲ್ಲಿ, .ಗಿಟ್ ಫೋಲ್ಡರ್ ಪಕ್ಕದಲ್ಲೇ, .ಗಿಟ್‌ಇಗ್ನೋರ್ ಅಂತ ಒಂದು ಸಾದಾ ಟೆಕ್ಸ್ಟ್ ಫೈಲ್. ಹೆಸರು ಚುಕ್ಕೆಯಿಂದಾನೇ ಶುರು ಆಗ್ಬೇಕು, ಹಿಂದೆ ಏನೂ ಬಾಲ ಇರಬಾರದು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ್ರೆ ಅದು ಸದ್ದಿಲ್ಲದೆ ಹಿಂದೆ .ಟಿಎಕ್ಸ್‌ಟಿ ಅಂಟಿಸಿಬಿಡತ್ತೆ, ಎಕ್ಸ್‌ಪ್ಲೋರರ್ ಆ ಬಾಲಾನ ಬಚ್ಚಿಡತ್ತೆ, ನೀವು ಹೆಸರು ಸರಿಯಾಗೇ ಇದೆ ಅಂದ್ಕೊಂಡು ತಲೆ ಚಚ್ಕೊಳ್ತೀರಿ. ಇನ್ನೊಂದು ಇದಕ್ಕಿಂತ ಕಿಲಾಡಿ: ವಿಂಡೋಸ್ ಜೊತೆ ಬರೋ ಹಳೇ ಪವರ್‌ಶೆಲ್ 5.1ರಲ್ಲಿ ಎಕೋ ಬರೆದು > ಹಾಕಿ ಈ ಫೈಲ್ ಹುಟ್ಟಿಸಿದ್ರೆ ಅದು ಯುಟಿಎಫ್-16 ಅನ್ನೋ ಬೇರೆ ಅಕ್ಷರ ಸಂಕೇತದಲ್ಲಿ ಸೇವ್ ಆಗತ್ತೆ. ಕಣ್ಣಿಗೆ ಎಲ್ಲಾ ಸರಿಯಾಗೇ ಕಾಣತ್ತೆ, ಗಿಟ್‌ಗೆ ಮಾತ್ರ ಒಂದು ಸಾಲೂ ಅರ್ಥ ಆಗಲ್ಲ. ಕೋಡ್ ಎಡಿಟರ್‌ನಲ್ಲೇ ಹೊಸ ಫೈಲ್ ಮಾಡಿ ಯುಟಿಎಫ್-8ರಲ್ಲಿ ಸೇವ್ ಮಾಡಿದ್ರೆ ಈ ಎರಡು ಕಾಟಾನೂ ಇರಲ್ಲ.

ಈ ಫೈಲನ್ನ ಕಮಿಟ್ ಮಾಡ್ಬೇಕಾ ಅಂತ ಕೇಳೋರಿದ್ದಾರೆ. ಮಾಡ್ಬೇಕು, ಇಲ್ಲಾಂದ್ರೆ ಟೀಮಿನ ಬೇರೆಯವರಿಗೆ ಅದು ಸಿಗೋದೇ ಇಲ್ವಲ್ಲ.

ಏನೇನು ಹಾಕ್ಬೇಕು

ನಾನು ನನ್ನನ್ನೇ ಕೇಳ್ಕೊಳ್ಳೋದು ಮೂರು ಪ್ರಶ್ನೆ. ಇದನ್ನ ಅಳಿಸಿದ್ರೆ ಒಂದು ಕಮಾಂಡಲ್ಲಿ ಮತ್ತೆ ಹುಟ್ಟತ್ತಾ? ಹುಟ್ಟತ್ತೆ ಅಂದ್ರೆ ಗಿಟ್‌ನಲ್ಲಿ ಬೇಡ: ನೋಡ್_ಮಾಡ್ಯೂಲ್ಸ್, __ಪೈಕ್ಯಾಶ್__, ಪೈಥಾನಿನ ವಿಎನ್ವ್, ಜಾವಾ ಅಥವಾ ರಸ್ಟ್‌ನವರ ಟಾರ್ಗೆಟ್, ಡಿಸ್ಟ್, ಬಿಲ್ಡ್. ಇದು ನನ್ನ ಮೆಷಿನ್‌ಗೆ ಮಾತ್ರ ಸಂಬಂಧಪಟ್ಟಿದ್ದಾ? ಮ್ಯಾಕಿನ .ಡಿಎಸ್_ಸ್ಟೋರ್, ವಿಂಡೋಸಿನ ಥಂಬ್ಸ್.ಡಿಬಿ, ವಿಮ್ ಬಿಟ್ಟು ಹೋಗೋ *.ಎಸ್‌ಡಬ್ಲ್ಯುಪಿ ಇವೆಲ್ಲಾ ಆ ಲೆಕ್ಕ. ಇದರಲ್ಲಿ ಪಾಸ್‌ವರ್ಡ್, ಎಪಿಐ ಕೀ ಏನಾದ್ರೂ ಇದ್ಯಾ? ಹಾಗಾದ್ರೆ .ಎನ್ವ್ ಮತ್ತು ಅದರ ಅಣ್ಣತಮ್ಮಂದಿರೆಲ್ಲಾ ಆಚೆಗೇ ಇರ್ಲಿ.

ಜೋಶ್‌ನಲ್ಲಿ ಹಾಕಬಾರದ್ದನ್ನೂ ಹಾಕ್ಬಿಡ್ತಾರೆ. ಪ್ಯಾಕೇಜ್-ಲಾಕ್.ಜೇಸನ್ ಥರದ ಲಾಕ್ ಫೈಲ್ ತಾನಾಗೇ ಹುಟ್ಟತ್ತೆ ನಿಜ, ಆದ್ರೆ ಪ್ರತೀ ಸಲ ಅದೇ ವರ್ಷನ್ ಹುಟ್ಟತ್ತೆ ಅಂತ ಗ್ಯಾರಂಟಿ ಕೊಡೋದೇ ಅದು, ಹಾಗಾಗಿ ಆ್ಯಪ್ ಪ್ರಾಜೆಕ್ಟ್‌ಗಳಲ್ಲಿ ಅದು ಕಮಿಟ್ ಆಗ್ಲೇಬೇಕು. ಡೇಟಾಬೇಸ್ ಮೈಗ್ರೇಶನ್ ಫೈಲ್‌ಗಳೂ ಅಷ್ಟೇ, ಅವನ್ನ ಇಗ್ನೋರ್ ಮಾಡಿದ ಪ್ರಾಜೆಕ್ಟಿಗೆ ಹೊಸದಾಗಿ ಸೇರೋರ ಗತಿ ದೇವರಿಗೇ ಪ್ರೀತಿ.

ಗಿಟ್‌ಹಬ್‌ನಲ್ಲಿ ಹೊಸ ರೆಪೋ (ಗಿಟ್ ನೋಡ್ಕೊಳ್ಳೋ ಪ್ರಾಜೆಕ್ಟ್) ಮಾಡುವಾಗಲೇ ಭಾಷೆ ನೋಡಿ ಟೆಂಪ್ಲೇಟ್ ಆರಿಸ್ಕೊಳ್ಳೋ ಆಪ್ಶನ್ ಇದೆ, ಒಳ್ಳೇ ಶುರು ಅದು. ಆದ್ರೆ ಒಂದ್ಸಲ ಓದ್ನೋಡಿ. ಪೈಥಾನ್ ಟೆಂಪ್ಲೇಟ್‌ನಲ್ಲಿ ಲಿಬ್/ ಅಂತ ಒಂದು ಸಾಲಿದೆ, ಅದೇ ರೆಪೋದಲ್ಲಿ ನಿಮ್ಮ ಫ್ರಂಟೆಂಡ್ ಕೋಡು ಎಸ್‌ಆರ್‌ಸಿ/ಲಿಬ್ ಒಳಗೆ ಇದ್ರೆ ಇಡೀ ಫೋಲ್ಡರ್ ಸೈಲೆಂಟಾಗಿ ಗಾಯಬ್. ನಿಮ್ಮ ಮೆಷಿನ್‌ನಲ್ಲಿ ಎಲ್ಲಾ ಓಡ್ತಿರತ್ತೆ, ಬೇರೆಯವರು ಕ್ಲೋನ್ ಮಾಡಿದ್ರೆ (ತಮ್ಮ ಮೆಷಿನ್‌ಗೆ ಕಾಪಿ ತಗೊಂಡ್ರೆ) ಫೈಲ್ ಇಲ್ಲ ಅಂತ ಎರರ್. ಯಾಕೆ ಹೀಗೆ ಅನ್ನೋದು ಸ್ಲ್ಯಾಶ್ ವಿಷಯ.

ಸ್ಲ್ಯಾಶ್ ಎಲ್ಲಿದೆ ಅನ್ನೋದೇ ಮುಖ್ಯ

ಸಾಲಿಗೊಂದು ಪ್ಯಾಟರ್ನ್, ಅಂದ್ರೆ ಫೈಲ್ ಹೆಸರಿಗೆ ಹೊಂದಿಸಿ ನೋಡೋ ಮಾದರಿ. ಖಾಲಿ ಸಾಲು ಲೆಕ್ಕಕ್ಕಿಲ್ಲ, # ಇಂದ ಶುರುವಾದ ಸಾಲು ಕಾಮೆಂಟ್. ಆದ್ರೆ ಪ್ಯಾಟರ್ನ್ ಬರೆದು ಅದೇ ಸಾಲಿನ ಕೊನೆಗೆ # ಹಾಕಿ ಟಿಪ್ಪಣಿ ಬರೆಯೋಕೆ ಹೋಗ್ಬೇಡಿ, ಆ ಟಿಪ್ಪಣೀನೂ ಸೇರಿಸಿ ಒಂದೇ ಉದ್ದದ ಪ್ಯಾಟರ್ನ್ ಅಂತ ಗಿಟ್ ತಿಳ್ಕೊಳತ್ತೆ, ಆಮೇಲೆ ಏನೂ ಮ್ಯಾಚ್ ಆಗಲ್ಲ.

ಈಗ ಇವನ್ನ ನೋಡಿ:

ಬಿಲ್ಡ್
ಬಿಲ್ಡ್/
/ಬಿಲ್ಡ್/
ಡಾಕ್ಸ್/ಬಿಲ್ಡ್

ಮೊದಲನೇದು ಬಿಲ್ಡ್ ಅನ್ನೋ ಹೆಸರಿನ ಫೈಲಾಗ್ಲಿ ಫೋಲ್ಡರಾಗ್ಲಿ, ಎಷ್ಟೇ ಆಳದಲ್ಲಿದ್ರೂ ಹಿಡಿಯತ್ತೆ. ಎರಡನೇದಕ್ಕೆ ಕೊನೆಯಲ್ಲಿ ಸ್ಲ್ಯಾಶ್ ಇದೆ, ಅಂದ್ರೆ ಫೋಲ್ಡರ್ ಮಾತ್ರ, ಆದ್ರೆ ಈಗಲೂ ಎಷ್ಟು ಆಳದಲ್ಲಿದ್ರೂ ಸರಿ (ಆ ಲಿಬ್/ ಕಥೆ ಇದೇ). ಮೂರನೇದಕ್ಕೆ ಮುಂದೆ ಸ್ಲ್ಯಾಶ್ ಬಂತು, ಈಗ ಈ .ಗಿಟ್‌ಇಗ್ನೋರ್ ಎಲ್ಲಿ ಕೂತಿದ್ಯೋ ಆ ಫೋಲ್ಡರ್‌ನಲ್ಲಿರೋ ಬಿಲ್ಡ್ ಮಾತ್ರ, ಒಳಗಡೆ ಬೇರೆಲ್ಲೋ ಇರೋದಲ್ಲ. ನಾಲ್ಕನೇದರಲ್ಲಿ ಜನ ಬೀಳ್ತಾರೆ. ಮುಂದೆ ಸ್ಲ್ಯಾಶ್ ಇಲ್ದಿದ್ರೂ ಮಧ್ಯದಲ್ಲಿದೆ, ಮಧ್ಯದಲ್ಲಿದ್ರೂ ಮುಂದಿದ್ದ ಹಾಗೇ ಲೆಕ್ಕ. ಅಂದ್ರೆ ಮೇಲಿನ ಡಾಕ್ಸ್ ಒಳಗಿನ ಬಿಲ್ಡ್ ಹಿಡಿಯತ್ತೆ, ಆ್ಯಪ್/ಡಾಕ್ಸ್/ಬಿಲ್ಡ್ ಹಿಡಿಯಲ್ಲ. ಅದೂ ಬೇಕಂದ್ರೆ **/ಡಾಕ್ಸ್/ಬಿಲ್ಡ್ ಅಂತ ಬರೀಬೇಕು.

ಒಂಟಿ ನಕ್ಷತ್ರ ಏನನ್ನ ಬೇಕಾದ್ರೂ ನುಂಗತ್ತೆ, ಸ್ಲ್ಯಾಶ್ ಒಂದನ್ನ ಬಿಟ್ಟು. ಜೋಡಿ ನಕ್ಷತ್ರ ಎರಡು ಸ್ಲ್ಯಾಶ್ ಮಧ್ಯೆ ಕೂತ್ರೆ ಎಷ್ಟು ಫೋಲ್ಡರ್ ಬೇಕಾದ್ರೂ ದಾಟತ್ತೆ, ಸೊನ್ನೆ ಫೋಲ್ಡರ್ ಆದ್ರೂ ಓಕೆ. ಪ್ರಶ್ನಾರ್ಥಕ ಒಂದೇ ಒಂದು ಅಕ್ಷರಕ್ಕೆ. ಚೌಕ ಬ್ರಾಕೆಟ್ಟಿನ [0-9] ಥರದ್ದೂ ನಡೆಯತ್ತೆ, ನಾನಂತೂ ಅಷ್ಟಾಗಿ ಬಳಸಲ್ಲ.

ದೊಡ್ಡಕ್ಷರ ಚಿಕ್ಕಕ್ಷರದ ಬಗ್ಗೆ ಒಂದು ಸಣ್ಣ ಎಚ್ಚರಿಕೆ. ವಿಂಡೋಸ್‌ನಲ್ಲಿ, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಗಿಟ್ ಎರಡನ್ನೂ ಒಂದೇ ಅಂತ ನೋಡತ್ತೆ, ಲಿನಕ್ಸ್‌ನಲ್ಲಿ ಬೇರೆ ಬೇರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಗ್ನೋರ್ ಆಗ್ತಿದ್ದ ಫೋಲ್ಡರು ಲಿನಕ್ಸ್ ಬಳಸೋ ಗೆಳೆಯನ ಹತ್ರ ಆಗ್ಲಿಲ್ಲ ಅಂದ್ರೆ ಮೊದಲು ಇದನ್ನ ನೋಡಿ.

ಆಶ್ಚರ್ಯಸೂಚಕ, ಮತ್ತೆ ಅದರ ಬಲೆ

ಎಲ್ಲಾ ಬೇಡ, ಇದೊಂದು ಮಾತ್ರ ಬೇಕು ಅನ್ನೋದಕ್ಕೆ ಮುಂದೆ ! ಹಾಕ್ತಾರೆ. ಒಂದೇ ಫೈಲಿಗೆ ಎರಡು ಮೂರು ಸಾಲು ಹೊಂದಿದ್ರೆ ಕೊನೇಲಿ ಬಂದ ಸಾಲಿನ ಮಾತೇ ನಡೆಯೋದು, ಹಾಗಾಗಿ ಆರ್ಡರ್ ಮುಖ್ಯ. ಎನ್ವ್ ಫೈಲ್‌ಗಳಿಗೆ ನಾನು ಎಲ್ಲಾ ಕಡೆ ಬರೆಯೋದು ಇದು:

.ಎನ್ವ್
.ಎನ್ವ್.*
!.ಎನ್ವ್.ಎಕ್ಸಾಂಪಲ್

ನಿಜವಾದ ಕೀಗಳಿರೋದೆಲ್ಲಾ ಆಚೆ, ಯಾವ ಯಾವ ಹೆಸರು ಬೇಕು ಅಂತ ತೋರಿಸೋ ಖಾಲಿ ಮಾದರಿ ಮಾತ್ರ ಒಳಗೆ.

ಬಲೆ ಇರೋದು ಫೋಲ್ಡರ್ ವಿಷಯದಲ್ಲಿ. ಲಾಗ್ಸ್ ಫೋಲ್ಡರ್ ಒಳಗಿನದೆಲ್ಲಾ ಬೇಡ, ಆದ್ರೆ ಖಾಲಿ ಫೋಲ್ಡರ್ ಮಾತ್ರ ರೆಪೋದಲ್ಲಿ ಇರ್ಲಿ ಅಂತ ಅಂದ್ಕೊಳ್ಳಿ. ಗಿಟ್ ಖಾಲಿ ಫೋಲ್ಡರನ್ನ ಇಟ್ಕೊಳ್ಳಲ್ಲ, ಅದಕ್ಕೆ ಒಳಗೆ .ಗಿಟ್‌ಕೀಪ್ ಅಂತ ಒಂದು ಖಾಲಿ ಫೈಲ್ ಇಡೋದು ರೂಢಿ (ಆ ಹೆಸರಿಗೆ ಗಿಟ್‌ನಲ್ಲಿ ವಿಶೇಷ ಅರ್ಥ ಏನೂ ಇಲ್ಲ, ಯಾವ ಹೆಸರಾದ್ರೂ ನಡೆಯತ್ತೆ). ಹೀಗೆ ಬರೀತೀರಿ:

ಲಾಗ್ಸ್/
!ಲಾಗ್ಸ್/.ಗಿಟ್‌ಕೀಪ್

ಆಗಲ್ಲ. ಫೋಲ್ಡರನ್ನೇ ಬೇಡ ಅಂದ ಮೇಲೆ ಗಿಟ್ ಅದರ ಬಾಗಿಲು ತೆಗೆದು ಒಳಗೆ ನೋಡೋದೇ ಇಲ್ಲ, ಒಳಗಿರೋ ಒಬ್ಬನಿಗೆ ನೀವು ಪಾಸ್ ಕೊಟ್ಟಿದ್ದು ಅದಕ್ಕೆ ಗೊತ್ತಾಗೋದಾದ್ರೂ ಹೇಗೆ. ಬರೀಬೇಕಾಗಿದ್ದು:

ಲಾಗ್ಸ್/*
!ಲಾಗ್ಸ್/.ಗಿಟ್‌ಕೀಪ್

ಒಂದು ನಕ್ಷತ್ರದ ವ್ಯತ್ಯಾಸ. ಈಗ ಇಗ್ನೋರ್ ಆಗ್ತಿರೋದು ಫೋಲ್ಡರ್ ಅಲ್ಲ, ಒಳಗಿರೋ ಒಂದೊಂದೂ, ಅದಕ್ಕೇ ಅದರಲ್ಲೊಂದನ್ನ ವಾಪಸ್ ಕರೆಯೋಕಾಗತ್ತೆ. ಇನ್ನೂ ಆಳದಲ್ಲಿರೋ ಫೈಲ್ ಬೇಕಂದ್ರೆ ದಾರಿಯಲ್ಲಿ ಬರೋ ಪ್ರತೀ ಫೋಲ್ಡರನ್ನೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ತೆರೀತಾ ಹೋಗ್ಬೇಕು, ಬೇಜಾರಿನ ಕೆಲಸ. ಅಷ್ಟೆಲ್ಲಾ ಬೇಡ ಅಂದ್ರೆ ಒಂದೇ ಒಂದು ಫೈಲಿಗೆ ಗಿಟ್ ಆಡ್ -ಎಫ್ ಹಾಕಿ ಬಲವಂತವಾಗಿ ಸೇರಿಸ್ಬಿಡಬಹುದು, ಒಮ್ಮೆ ಟ್ರ್ಯಾಕ್ ಆದ್ಮೇಲೆ ಇಗ್ನೋರ್ ಅದನ್ನ ಕೇಳಲ್ಲ ಅಂತ ಆಗ್ಲೇ ಹೇಳಿದ್ನಲ್ಲ.

ಯಾವ ಸಾಲು ಕೆಲಸ ಕೆಡಿಸ್ತಿದೆ ಅಂತ ಹಿಡಿಯೋದು

ಊಹೆ ಮಾಡ್ತಾ ಕೂರಬೇಡಿ, ಗಿಟ್ಟನ್ನೇ ಕೇಳಿ:

ಗಿಟ್ ಚೆಕ್-ಇಗ್ನೋರ್ -ವಿ ಎಸ್‌ಆರ್‌ಸಿ/ಲಿಬ್/ಆಥ್.ಜೆಎಸ್

ಉತ್ತರ ಹೀಗೆ ಬರತ್ತೆ:

.ಗಿಟ್‌ಇಗ್ನೋರ್:17:ಲಿಬ್/    ಎಸ್‌ಆರ್‌ಸಿ/ಲಿಬ್/ಆಥ್.ಜೆಎಸ್

ಯಾವ ಫೈಲು, ಎಷ್ಟನೇ ಸಾಲು, ಯಾವ ಪ್ಯಾಟರ್ನು, ಎಲ್ಲಾ ಅಲ್ಲೇ. 17ನೇ ಸಾಲಿಗೆ ಹೋಗಿ ಲಿಬ್/ ಅನ್ನೋದನ್ನ /ಲಿಬ್/ ಅಂತ ಮಾಡಿ, ಮುಗೀತು. ಏನೂ ಉತ್ತರ ಬರ್ಲಿಲ್ಲ ಅಂದ್ರೆ ಎರಡೇ ಕಾರಣ, ಒಂದೋ ಯಾವ ಪ್ಯಾಟರ್ನೂ ಹೊಂದ್ತಿಲ್ಲ, ಇಲ್ಲಾ ಆ ಫೈಲ್ ಆಗ್ಲೇ ಟ್ರ್ಯಾಕ್ ಆಗಿದೆ. ಟ್ರ್ಯಾಕ್ ಆಗಿರೋದನ್ನೂ ಸೇರಿಸಿ ಪರೀಕ್ಷೆ ಮಾಡು ಅನ್ನೋಕೆ --ನೋ-ಇಂಡೆಕ್ಸ್ ಅಂತ ಸೇರಿಸಿ ಓಡಿಸಿ, ಈಗ ಉತ್ತರ ಬಂತು ಅಂದ್ರೆ ಪ್ಯಾಟರ್ನ್ ಸರಿಯಾಗೇ ಇದೆ, ತಪ್ಪು ಹಳೇ ಕಮಿಟ್‌ದು.

ಇಗ್ನೋರ್ ಆಗ್ಬೇಕಿತ್ತು ಆದ್ರೂ ಟ್ರ್ಯಾಕ್ ಆಗಿ ಕೂತಿದೆ ಅನ್ನೋ ಫೈಲ್‌ಗಳೆಲ್ಲಾ ಒಟ್ಟಿಗೆ ಬೇಕಾ:

ಗಿಟ್ ಎಲ್‌ಎಸ್-ಫೈಲ್ಸ್ -ಸಿ -ಐ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್

ಹಳೇ ಪ್ರಾಜೆಕ್ಟ್ ಕೈಗೆ ಬಂದ ದಿನ ಇದನ್ನ ಓಡಿಸಿ ನೋಡಿ, ಏನೇನೋ ಸಿಗತ್ತೆ.

ಆಗ್ಲೇ ಒಳಗೆ ಹೋಗಿದ್ದನ್ನ ಆಚೆ ಕರೆಯೋದು

ಗಿಟ್ ಆರ್‌ಎಮ್ --ಕ್ಯಾಶ್ಡ್ ಕಾನ್ಫಿಗ್.ಲೋಕಲ್

ಫೋಲ್ಡರ್ ಆದ್ರೆ -ಆರ್ ಸೇರಿಸಿ. ಆ --ಕ್ಯಾಶ್ಡ್ ಮರೆತ್ರೆ ಡಿಸ್ಕಿಂದಾನೂ ಅಳಿಸತ್ತೆ, ಹುಷಾರು. ಆಮೇಲೆ ಇಗ್ನೋರ್‌ನಲ್ಲಿ ಸಾಲು ಸೇರಿಸಿ ಎರಡನ್ನೂ ಒಟ್ಟಿಗೆ ಕಮಿಟ್ ಮಾಡಿ.

ಎಲ್ಲಾ ಕಡೆ ಇಷ್ಟೇ ಹೇಳಿ ಬಿಡ್ತಾರೆ. ಇದರಿಂದ ಮುಂದೆ ಏನಾಗತ್ತೆ ಅನ್ನೋದನ್ನ ನಾನು ಕೈ ಸುಟ್ಕೊಂಡು ಕಲ್ತಿದ್ದು. ಒಂದು, ನಿಮ್ಮ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಉಳಿಯತ್ತೆ ಸರಿ, ಆದ್ರೆ ಟೀಮಿನವರು ಪುಲ್ ಮಾಡಿದಾಗ (ಹೊಸ ಬದಲಾವಣೆ ಎಳ್ಕೊಂಡಾಗ) ಗಿಟ್‌ಗೆ ಕಾಣೋದು "ಈ ಫೈಲ್ ಅಳಿಸಲಾಗಿದೆ" ಅಂತ, ಅವರ ಡಿಸ್ಕಿಂದ ಅದು ಹೋಗತ್ತೆ. ಮೊದಲೇ ಹೇಳಿ, ಕಾಪಿ ಇಟ್ಕೊಳ್ಳಲಿ. ಎರಡು, ನಾನು ಹೀಗೇ ಒಂದು ಕಾನ್ಫಿಗ್ ಫೈಲನ್ನ ಆಚೆ ಕರೆದು, ಅದರಲ್ಲಿ ನನ್ನ ಸೆಟ್ಟಿಂಗ್ಸ್ ಎಲ್ಲಾ ತುಂಬಿಕೊಂಡು ಎರಡು ವಾರ ಆರಾಮಾಗಿದ್ದೆ, ಒಂದಿನ ಯಾವುದೋ ಬಗ್ ಹುಡುಕ್ತಾ ಹಳೇ ಬ್ರಾಂಚಿಗೆ (ಅದೇ ಪ್ರಾಜೆಕ್ಟಿನ ಇನ್ನೊಂದು ಕವಲಿಗೆ) ಹೋಗಿ ಐದು ನಿಮಿಷ ನೋಡಿ ವಾಪಸ್ ಬಂದೆ, ಫೈಲೇ ಇಲ್ಲ! ಆಗಿದ್ದಿಷ್ಟು: ಹಳೇ ಬ್ರಾಂಚ್‌ನಲ್ಲಿ ಆ ಫೈಲ್ ಇನ್ನೂ ಟ್ರ್ಯಾಕ್ ಆಗಿತ್ತು, ಅಲ್ಲಿಗೆ ಹೋಗ್ತಿದ್ದಂಗೆ ಗಿಟ್ ನನ್ನ ಫೈಲ್ ಮೇಲೆ ಹಳೇದನ್ನ ಬರೀತು, ವಾಪಸ್ ಬರುವಾಗ "ಈ ಬ್ರಾಂಚ್‌ನಲ್ಲಿ ಇದಿಲ್ವಲ್ಲ" ಅಂತ ಅಳಿಸ್ತು. ಒಂದು ಮಾತು ಕೇಳ್ಲಿಲ್ಲ. ಅನ್‌ಟ್ರ್ಯಾಕ್ಡ್ ಫೈಲ್ ಆಗಿದ್ರೆ ತಡೆದು ನಿಲ್ಲಿಸ್ತಿತ್ತು, ಇಗ್ನೋರ್ಡ್ ಆಗಿದ್ದಕ್ಕೇ ನಿಲ್ಲಿಸ್ಲಿಲ್ಲ. ಇಗ್ನೋರ್ ಅಂದ್ರೆ ಗಿಟ್ ಭಾಷೆಯಲ್ಲಿ "ಜೋಪಾನವಾಗಿಡು, ಮುಟ್ಬೇಡ" ಅಂತ ಅಲ್ಲ, "ಹೋದ್ರೆ ಹೋಗ್ಲಿ" ಅಂತ. ಅವತ್ತಿಂದ .ಎನ್ವ್ ಥರದ ಫೈಲಿಗೆ ರೆಪೋ ಆಚೆ ಒಂದು ಕಾಪಿ ಇಟ್ಟೇ ಇಡ್ತೀನಿ.

ಇದೇ ಕಾರಣಕ್ಕೆ ಗಿಟ್ ಕ್ಲೀನ್ ಹೊಡೆಯುವಾಗಲೂ ಜೋಪಾನ. ಚಿಕ್ಕ ಎಕ್ಸ್ ಹಾಕಿದ್ರೆ ಅನ್‌ಟ್ರ್ಯಾಕ್ಡ್ ಜೊತೆ ಇಗ್ನೋರ್ಡ್ ಕೂಡ ಗುಡಿಸಿಹೋಗತ್ತೆ, ದೊಡ್ಡ ಎಕ್ಸ್ ಹಾಕಿದ್ರೆ ಇಗ್ನೋರ್ಡ್ ಮಾತ್ರ. ಎರಡರಲ್ಲೂ ನಿಮ್ಮ .ಎನ್ವ್ ಹೋಗತ್ತೆ. ಮೊದಲು -ಎನ್ ಹಾಕಿ ಓಡಿಸಿ, ಏನೇನು ಅಳಿಸ್ತೀನಿ ಅಂತ ಪಟ್ಟಿ ಮಾತ್ರ ತೋರಿಸತ್ತೆ.

ಕೆಲವರು ಟ್ರ್ಯಾಕ್ ಆಗಿರೋ ಫೈಲನ್ನ ಲೋಕಲ್ಲಾಗಿ ಮಾತ್ರ ಬದಲಾಯಿಸ್ಕೊಳ್ಳೋಕೆ ಅಪ್‌ಡೇಟ್-ಇಂಡೆಕ್ಸ್ ಕಮಾಂಡಿನ --ಅಸ್ಯೂಮ್-ಅನ್‌ಚೇಂಜ್ಡ್ ಅಥವಾ --ಸ್ಕಿಪ್-ವರ್ಕ್‌ಟ್ರೀ ಬಳಸಿ ಅಂತಾರೆ. ಗಿಟ್ಟಿನ ಅಧಿಕೃತ ಡಾಕ್ಯುಮೆಂಟೇಶನ್ನೇ ಇದಕ್ಕೆ ಅವು ಸರಿಯಲ್ಲ ಅನ್ನತ್ತೆ. ಮಾದರಿ ಫೈಲ್ ಒಂದನ್ನ ಕಮಿಟ್ ಮಾಡಿ, ನಿಜವಾದ್ದನ್ನ ಇಗ್ನೋರ್ ಮಾಡಿ, ಅಷ್ಟೇ ಸಾಕು.

ಪಾಸ್‌ವರ್ಡ್ ಹೊರಗೆ ಹೋಗಿದ್ರೆ

ಇಲ್ಲಿ --ಕ್ಯಾಶ್ಡ್ ಏನೂ ಉಪಯೋಗ ಇಲ್ಲ. ಮುಂದಿನ ಕಮಿಟ್‌ನಲ್ಲಿ ಫೈಲ್ ಇರಲ್ಲ ಅಷ್ಟೇ, ಹಿಂದಿನ ಹಿಸ್ಟರಿಯಲ್ಲಿ ಕೀ ಹಾಗೇ ಕೂತಿರತ್ತೆ, ಯಾರು ಬೇಕಾದ್ರೂ ತೆಗೆದು ಓದಬಹುದು. ಪುಶ್ ಮಾಡಿಬಿಟ್ಟಿದ್ರೆ (ಸರ್ವರ್‌ಗೆ ಕಳಿಸಿಬಿಟ್ಟಿದ್ರೆ) ಮೊದಲ ಕೆಲಸ ಗಿಟ್‌ನಲ್ಲಲ್ಲ, ಆ ಕೀ ಕೊಟ್ಟ ಸರ್ವಿಸ್‌ನಲ್ಲಿ: ಹಳೇ ಕೀ ರದ್ದು ಮಾಡಿ, ಹೊಸದು ತಗೊಳ್ಳಿ. ಆಮೇಲೆ ಪುರುಸೊತ್ತಾಗಿ ಗಿಟ್ ಫಿಲ್ಟರ್-ರೆಪೋ ಅನ್ನೋ ಟೂಲ್‌ನಿಂದ ಹಿಸ್ಟರಿ ತೊಳೀಬಹುದು, ಆದ್ರೆ ಕಮಿಟ್‌ಗಳ ಗುರುತೆಲ್ಲಾ ಬದಲಾಗತ್ತೆ, ಟೀಮಿನವರೆಲ್ಲಾ ಹೊಸದಾಗಿ ಕ್ಲೋನ್ ಮಾಡ್ಕೋಬೇಕಾಗತ್ತೆ. ದೊಡ್ಡ ಫೈಲ್ ಅಪ್ಪಿತಪ್ಪಿ ಸೇರಿದ್ರೂ ಇದೇ ದಾರಿ, ಗಿಟ್‌ಹಬ್ 100 ಎಮ್‌ಬಿ ಮೇಲಿನ ಫೈಲನ್ನ ಪುಶ್ ಮಾಡೋಕೇ ಬಿಡಲ್ಲ, ಮುಂದಿನ ಕಮಿಟ್‌ನಲ್ಲಿ ಅಳಿಸಿದೀನಿ ಅಂದ್ರೂ ಬಿಡಲ್ಲ, ಯಾಕಂದ್ರೆ ಹಿಂದಿನ ಕಮಿಟ್ ಹೊಟ್ಟೆಯಲ್ಲಿ ಅದು ಇನ್ನೂ ಇದೆ.

ನಿಮ್ಮದು ನಿಮ್ಮಲ್ಲೇ ಇರ್ಲಿ

ನೀವು ಯಾವ ಎಡಿಟರ್ ಬಳಸ್ತೀರಿ ಅನ್ನೋದು ಪ್ರಾಜೆಕ್ಟಿಗೆ ಸಂಬಂಧ ಇಲ್ಲ. ಪ್ರತೀ ರೆಪೋದಲ್ಲೂ .ಡಿಎಸ್_ಸ್ಟೋರ್ ಅಂತ ಬರೆಯೋ ಬದಲು ನಿಮ್ಮ ಹೋಮ್ ಫೋಲ್ಡರ್ ಒಳಗೆ .ಕಾನ್ಫಿಗ್/ಗಿಟ್/ಇಗ್ನೋರ್ ಅನ್ನೋ ಫೈಲಲ್ಲಿ ಒಮ್ಮೆ ಬರೆದಿಡಿ, ನಿಮ್ಮ ಎಲ್ಲಾ ರೆಪೋಗಳಿಗೂ ಅನ್ವಯ ಆಗತ್ತೆ. ಬೇರೆ ಜಾಗ ಬೇಕಂದ್ರೆ ಗಿಟ್ ಕಾನ್ಫಿಗ್‌ನಲ್ಲಿ ಕೋರ್.ಎಕ್ಸ್‌ಕ್ಲೂಡ್ಸ್‌ಫೈಲ್ ಅಂತ ಸೆಟ್ ಮಾಡ್ಕೋಬಹುದು. ಇದೊಂದು ರೆಪೋಗೆ ಮಾತ್ರ, ಆದ್ರೆ ಬೇರೆಯವರಿಗೆ ಕಾಣಬಾರದು ಅಂದ್ರೆ .ಗಿಟ್/ಇನ್ಫೋ/ಎಕ್ಸ್‌ಕ್ಲೂಡ್. ನಾನು ಟಿಪ್ಪಣಿ ಬರ್ಕೊಳ್ಳೋ ಒಂದು ಹಾಳೆ, ಎರಡು ಟೆಸ್ಟ್ ಸ್ಕ್ರಿಪ್ಟು, ಎಲ್ಲಾ ಅಲ್ಲಿ ಹಾಕಿರ್ತೀನಿ, ಯಾರಿಗೂ ಉತ್ತರ ಕೊಡೋ ಕೆಲಸ ಇಲ್ಲ. ಇವು ಒಂದಕ್ಕೊಂದು ಜಗಳ ಆಡಿದ್ರೆ .ಗಿಟ್‌ಇಗ್ನೋರ್ ಗೆಲ್ಲತ್ತೆ, ಅದರಲ್ಲೂ ಫೈಲಿಗೆ ಹತ್ತಿರದ ಫೋಲ್ಡರ್‌ನಲ್ಲಿರೋದು, ಆಮೇಲೆ ಎಕ್ಸ್‌ಕ್ಲೂಡ್, ಕೊನೇಲಿ ಹೋಮ್ ಫೋಲ್ಡರ್‌ದು.

ಬೇರೆ ಟೂಲ್‌ಗಳಿಗೆ ಇದೇ ನಿಯಮ ಹಾಗೇ ಎತ್ಕೊಂಡು ಹೋಗ್ಬೇಡಿ. ಡಾಕರ್‌ನ .ಡಾಕರ್‌ಇಗ್ನೋರ್ ನೋಡೋಕೆ ಒಂದೇ ಥರ, ಆದ್ರೆ ಅಲ್ಲಿ *.ಲಾಗ್ ಅಂದ್ರೆ ಮೇಲಿನ ಫೋಲ್ಡರ್‌ನದ್ದು ಮಾತ್ರ, ಒಳಗಿನದ್ದೂ ಬೇಕಂದ್ರೆ **/*.ಲಾಗ್. ಗಿಟ್ ಥರದ್ದೇ ಇನ್ನೊಂದು ಟೂಲ್ ಮರ್ಕ್ಯುರಿಯಲ್‌ನ .ಎಚ್‌ಜಿಇಗ್ನೋರ್‌ನಲ್ಲಿ ಏನೂ ಹೇಳದೇ ಇದ್ರೆ ಪ್ರತೀ ಸಾಲೂ ರೆಗ್ಯುಲರ್ ಎಕ್ಸ್‌ಪ್ರೆಶನ್ (ಬೇರೆ ನಿಯಮದ ಪ್ಯಾಟರ್ನ್ ಭಾಷೆ), ನಕ್ಷತ್ರದ ಶೈಲಿ ಬೇಕಂದ್ರೆ ಮೇಲೆ ಸಿಂಟ್ಯಾಕ್ಸ್: ಗ್ಲಾಬ್ ಅಂತ ಹಾಕ್ಬೇಕು. ಅದೇ ಕೆಲಸದ ಸಬ್‌ವರ್ಷನ್ ಟೂಲ್‌ನಲ್ಲಿ ಹೀಗೆ ಫೈಲಿಲ್ಲ, ಫೋಲ್ಡರಿಗೆ ಎಸ್‌ವಿಎನ್:ಇಗ್ನೋರ್ ಅಂತ ಪ್ರಾಪರ್ಟಿ ಅಂಟಿಸ್ತಾರೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಟೂಲ್ ಎನ್‌ಪಿಎಮ್ ಕಥೆ ಸ್ವಲ್ಪ ಮಜಾ: ಪ್ಯಾಕೇಜ್ ಪಬ್ಲಿಶ್ ಮಾಡುವಾಗ .ಎನ್‌ಪಿಎಮ್‌ಇಗ್ನೋರ್ ಇಲ್ದಿದ್ರೆ ಅದು ನಿಮ್ಮ .ಗಿಟ್‌ಇಗ್ನೋರನ್ನೇ ಓದ್ಕೊಳತ್ತೆ, ನೀವು ಡಿಸ್ಟ್ ಫೋಲ್ಡರನ್ನ ಇಗ್ನೋರ್ ಮಾಡಿರ್ತೀರಿ, ಪ್ಯಾಕೇಜ್ ಒಳಗೆ ಕೋಡೇ ಇಲ್ಲದೆ ಖಾಲಿ ಡಬ್ಬ ಪಬ್ಲಿಶ್ ಆಗತ್ತೆ. ಪ್ಯಾಕೇಜ್.ಜೇಸನ್‌ನಲ್ಲಿ ಫೈಲ್ಸ್ ಅನ್ನೋ ಪಟ್ಟಿಗೆ ಡಿಸ್ಟ್ ಸೇರಿಸಿ, ಪಬ್ಲಿಶ್‌ಗೂ ಮುಂಚೆ ಎನ್‌ಪಿಎಮ್ ಪ್ಯಾಕ್ --ಡ್ರೈ-ರನ್ ಹೊಡೆದ್ರೆ ಒಳಗೆ ಏನೇನು ಹೋಗ್ತಿದೆ ಅಂತ ಅಲ್ಲೇ ಕಾಣತ್ತೆ.